ಮಡಚುವ ಹಳೆಯ ಚಾಕು: ಇದು ನಿಜವಾಗಿಯೂ ಹಡಗಿನದೇ?

ಖಾನಾಪುರ ರಸ್ತೆ
ಬಲ್ಲವರು ಇದ್ದರೆ ಹೇಳಿ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಮಡಚುವ ಚಾಕು ಒಂದಿದೆ. ಮಡಚಿದರೆ ಅಂಗೈಯಲ್ಲಿ ಕೂರುತ್ತದೆ, ಆದರೆ ಗಾತ್ರಕ್ಕೆ ಮೀರಿದ ತೂಕ. ಅಲಗಿನ ತುದಿ ಚೂಪಾಗಿಲ್ಲ. ಬಾಯಿ ನೇರವಾಗಿದೆ, ಬೆನ್ನು ತುದಿಯಲ್ಲಿ ಬಾಗಿ ಬಾಯಿಗೆ ಬಂದು ಸೇರುತ್ತದೆ. ಹಿಡಿಕೆಯ ಬೆನ್ನಿನಿಂದ ದಬ್ಬಣದಂತಹ ದಪ್ಪ ಮೊನೆಯೊಂದು ಹೊರಬರುತ್ತದೆ. ಒಂದು ತುದಿಗೆ ತಾಮ್ರದ ಬಳೆ. ಹಿಡಿಕೆಯ ಒಂದು ಮಗ್ಗುಲಿಗೆ ಚೌಕುಳಿ ಗೀರು ಹಾಕಿದ ಕಪ್ಪು ಪಟ್ಟಿ, ಇನ್ನೊಂದಕ್ಕೆ ನುಣುಪಾದ ಕೊಂಬು. ಮಾಡಿದವರ ಹೆಸರು ಎಲ್ಲಿಯೂ ಇಲ್ಲ. ಅಲಗು ಕೂಡುವ ಕಡೆ ಹಿಡಿಕೆಯ ಮಗ್ಗುಲಿಗಿರುವ ಲೋಹದ ತುಂಡಿನ ಮೇಲೆ ಪುಟ್ಟದೊಂದು ಲಂಗರು ಕೊರೆದಿದೆ.

ಮುತ್ತಜ್ಜ ಮರ್ಮಗೋವಾದಲ್ಲಿ ಹಡಗು ಹತ್ತಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಯಾವ ಹಡಗು, ಯಾವ ಊರಿಗೆ, ಏನು ಕೆಲಸ ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ. ಹಳೆಯ ಸಾಮಾನು ಕೊಳ್ಳುವವರೊಬ್ಬರು ಇದನ್ನು ನೋಡಿದವರೇ "ಪೋರ್ಚುಗೀಸ್ ಹಡಗಿನ ಚಾಕು" ಎಂದು 3,000 ರೂಪಾಯಿಗೆ ಕೇಳಿದರು. ಕೊಡುವ ಮನಸ್ಸಿಲ್ಲ. ನಿಜ ಏನೆಂದು ತಿಳಿದರೆ ಸಾಕು. ಫೋಟೋ ಹಾಕಿದ್ದೇನೆ.

ಕರದಂಟು ಪ್ರಿಯ
ಅವರು 3,000 ಎಂದರೆ ಮಾರುವುದು 10,000ಕ್ಕೆ. ಕೊಡಬೇಡಿ.

ಹಳೆ ಲೋಹ (ವಿಜಯಪುರ)
ಆಕಾರವೇನೋ ನಾವಿಕರ ಚಾಕುವಿನದೇ. ಅದರಲ್ಲಿ ಅನುಮಾನವಿಲ್ಲ. ಮೊಂಡು ತುದಿಗೆ ಕಾರಣವಿದೆ: ಅಲೆಗೆ ಹಡಗು ಹೊಯ್ದಾಡುವಾಗ ಚೂಪು ಚಾಕು ಹಿಡಿದವನು ಜಾರಿ ಬಿದ್ದರೆ ಪಕ್ಕದವನ ಹೊಟ್ಟೆಗೆ, ಇಲ್ಲವೇ ಹಾಯಿಬಟ್ಟೆಗೆ ತೂತು. ನೇರ ಬಾಯಿ ಇರುವುದು ಹಗ್ಗದ ಮೇಲೆ ಇಡೀ ಅಲಗನ್ನು ಒತ್ತಿ ಕತ್ತರಿಸಲು. ಆ ದಬ್ಬಣಕ್ಕೆ ಮಾರ್ಲಿನ್‌ಸ್ಪೈಕ್ ಎನ್ನುತ್ತಾರೆ. ಹುರಿ ಹಗ್ಗದ ಎಳೆಗಳನ್ನು ಬಿಡಿಸಿ, ಒಂದರೊಳಗೊಂದು ಹೆಣೆದು ಎರಡು ಹಗ್ಗಗಳನ್ನು ಗಂಟಿಲ್ಲದೆ ಕೂಡಿಸಲು, ನೆನೆದು ಬಿಗಿದ ಗಂಟನ್ನು ಸಡಿಲಿಸಲು ಅದು ಬೇಕು. ತಾಮ್ರದ ಬಳೆಗೆ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೂವೆಮರದ ಮೇಲಿಂದ ಕೈತಪ್ಪಿದರೆ ಚಾಕು ಸಮುದ್ರಕ್ಕೆ, ಇಲ್ಲದಿದ್ದರೆ ಕೆಳಗಿರುವವನ ತಲೆಗೆ.

ಪೋರ್ಚುಗೀಸ್ ಎಂಬ ಮಾತು ಮಾತ್ರ ಬರಿಯ ಅಂಗಡಿ ಮಾತು. ಐಬೀರಿಯಾದ, ಅಂದರೆ ಸ್ಪೇನ್-ಪೋರ್ಚುಗಲ್ ಕಡೆಯ, ಹೆಸರಾದ ಮಡಚು ಚಾಕು ಎಂದರೆ ಸ್ಪೇನಿನ ನವಾಹಾ. ಅದರ ಅಲಗು ಉದ್ದ, ತುದಿ ಸೂಜಿ. ಹಳೆಯವುಗಳಲ್ಲಿ ಹಲ್ಲುಚಕ್ರದ ಬೀಗವೂ ಇದ್ದು ಬಿಚ್ಚುವಾಗ ಕಟಕಟ ಎನ್ನುತ್ತವೆ. ನಿಮ್ಮದು ಆ ಜಾತಿಯದಲ್ಲ, ಬ್ರಿಟಿಷ್ ಮಾದರಿ.

ಗುಮ್ಮಟದ ಪಿಸುಮಾತು
ಗೋವಾ 1510ರವರೆಗೆ ನಮ್ಮ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಆದ್ದರಿಂದ ಚಾಕು ವಿಜಯಪುರದ್ದು. ದಯವಿಟ್ಟು ಮರಳಿಸಿ.

ಕರದಂಟು ಪ್ರಿಯ
ಮೊದಲು ಮಲಿಕ್-ಎ-ಮೈದಾನ್ ತೋಪನ್ನು ಅಹ್ಮದ್‌ನಗರಕ್ಕೆ ಮರಳಿಸಿ, ಆಮೇಲೆ ಚಾಕು ಕೇಳಿ. 1549ರಲ್ಲಿ ಎರಕ ಹೊಯ್ದದ್ದು ಅಲ್ಲಿ.

ಮಾಜಿ ಹವಾಲ್ದಾರ
ಹಳೆ ಲೋಹ ಅವರೇ, ಮೊನೆ ಕಂಡ ಕೂಡಲೇ ಸಮುದ್ರಕ್ಕೆ ಏಕೆ ಓಡುತ್ತೀರಿ? ಎರಡು ಮಹಾಯುದ್ಧಗಳ ಕಾಲದಲ್ಲಿ ಬ್ರಿಟಿಷ್ ದಂಡಿನ ಕಾಲಾಳುಗಳಿಗೂ ಇಂಥದೇ ಚಾಕು ಕೊಡುತ್ತಿದ್ದರು. ಮೊನೆ, ಬಳೆ, ಚೌಕುಳಿ ಗೀರಿನ ಕಪ್ಪು ಹಿಡಿಕೆ, ಮೂರೂ ಅದರಲ್ಲಿದ್ದವು. ಡೇರೆಯ ಹಗ್ಗ, ಹೇಸರಗತ್ತೆಯ ಹೇರು, ತೋಪಿನ ಗಾಡಿಯ ಮಿಣಿ: ದಂಡಿನಲ್ಲಿ ಹಗ್ಗದ ಕೆಲಸ ಕಡಿಮೆಯೇ? ಕುದುರೆಯ ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆಯಲೆಂದೇ ಆ ಮೊನೆ ಎಂದು ಹೇಳುವವರೂ ಇದ್ದಾರೆ. ಅದು ಕಥೆ. ಇದ್ದದ್ದು ಹಗ್ಗಕ್ಕಾಗಿ.

ಬೆಳಗಾವಿ ದಂಡಿನ ಊರು ಎಂಬುದನ್ನು ಮರೆಯಬೇಡಿ. ಮರಾಠಾ ಪಲ್ಟನ್ನಿನ ತರಬೇತಿ ಕೇಂದ್ರ 1922ರಿಂದ ಇಲ್ಲಿದೆ. ಅದಕ್ಕೂ ಮೊದಲು ಮೊದಲ ಮಹಾಯುದ್ಧದಲ್ಲಿ ಈ ಭಾಗದ ಎಷ್ಟೋ ಜನ ಮರಾಠಾ ಪಲ್ಟನ್ನುಗಳಲ್ಲಿ ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕಿಗೆ) ಹೋದರು. ಮುಂಬೈಯಲ್ಲಿ ಹಡಗು ಹತ್ತಿ ಬಸ್ರಾದಲ್ಲಿ ಇಳಿದು, ಟೈಗ್ರಿಸ್ ನದಿಯ ಗುಂಟ ಮೇಲಕ್ಕೆ. ಆ ನದಿ ದಡದ ಕೂತ್ ಊರಿಗೆ ತುರ್ಕರು ಹಾಕಿದ ಮುತ್ತಿಗೆಯಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಸಿಕ್ಕಿಬಿದ್ದವರಲ್ಲಿ ಅವರೂ ಇದ್ದರು. "ಹಡಗು ಹತ್ತಿದ್ದರು" ಎಂಬ ನಿಮ್ಮ ಮನೆಯ ಮಾತು ಸುಳ್ಳಾಗಬೇಕಿಲ್ಲ. ಖಲಾಸಿಯಾಗಿ ಹತ್ತಿದ್ದರೋ ಸಿಪಾಯಿಯಾಗಿ ಹತ್ತಿದ್ದರೋ ಅದನ್ನು ಕೇಳಿ. ಮನೆಯಲ್ಲಿ ಪದಕ, ಪಿಂಚಣಿ ಕಾಗದ ಏನಾದರೂ ಇದೆಯೇ?

ಖಾನಾಪುರ ರಸ್ತೆ
ಹವಾಲ್ದಾರ್ ಸಾಹೇಬರೇ, ಪದಕವಿಲ್ಲ, ಕಾಗದವೂ ಇಲ್ಲ. ಲೋಂಡಾದಿಂದ ರೈಲಿನಲ್ಲಿ ಹೋದರು ಎಂಬುದನ್ನು ಮಾತ್ರ ಅತ್ತೆ ಖಚಿತವಾಗಿ ಹೇಳುತ್ತಾರೆ. ಆದರೆ ಲಂಗರಿನ ಗುರುತಿಗೆ ಏನು ಹೇಳುತ್ತೀರಿ?

ಹಳೆ ಲೋಹ (ವಿಜಯಪುರ)
ಲೋಂಡಾದಿಂದ ಕ್ಯಾಸಲ್‌ರಾಕ್ ಘಟ್ಟ ಇಳಿದು ಮರ್ಮಗೋವಾ ಸೇರುವ ಮಾರ್ಗ 1880ರ ದಶಕದ್ದು, ಆದ್ದರಿಂದ ಕಾಲ ಹೊಂದುತ್ತದೆ. ಲಂಗರಿನ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಅದು ಕೊರೆದಿರುವ ತುಂಡು ಬೆಳ್ಳಿಯೋ ಕಬ್ಬಿಣವೋ? ಬೆಳ್ಳಿಯಾಗಿದ್ದರೆ ಲಂಗರಿಗೂ ಹಡಗಿಗೂ ಸಂಬಂಧವೇ ಇಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಕಚೇರಿ 1773ರಲ್ಲಿ ಶುರುವಾಯಿತು. ಅದರ ಮುದ್ರೆಯೇ ಲಂಗರು. ಸಮುದ್ರವೇ ಇಲ್ಲದ ಊರಿಗೆ ಲಂಗರು! ಅದೇ ವರ್ಷ ಕಚೇರಿ ಪಡೆದ ಶೆಫೀಲ್ಡಿಗೆ ಕಿರೀಟದ ಮುದ್ರೆ ಸಿಕ್ಕಿತು. ಎರಡೂ ಊರಿನವರು ಅರ್ಜಿ ಹಿಡಿದು ಲಂಡನ್ನಿಗೆ ಹೋದಾಗ ಕ್ರೌನ್ ಅಂಡ್ ಆ್ಯಂಕರ್ ಎಂಬ ಹೋಟೆಲಿನಲ್ಲಿ ಸಭೆ ಸೇರುತ್ತಿದ್ದರಂತೆ, ಕಿರೀಟವೂ ಲಂಗರೂ ಅದರ ಬೋರ್ಡಿನಿಂದಲೇ ಬಂದವಂತೆ. ಲಂಗರು ಕಂಡು ನೌಕಾಪಡೆ ಎಂದು ಬೆಲೆ ಏರಿಸುವವರು ನಮ್ಮಲ್ಲಿ ಬೇಕಾದಷ್ಟು ಜನ.

ಖಾನಾಪುರ ರಸ್ತೆ
ಬೆಳ್ಳಿಯಲ್ಲ, ಕಬ್ಬಿಣ. ಮುದ್ರೆ ಒತ್ತಿದ ಹಾಗೂ ಇಲ್ಲ, ಉಳಿಯಿಂದ ಗೀರಿದಂತಿದೆ. ಒಂದು ಕೊಕ್ಕೆ ಉದ್ದ, ಇನ್ನೊಂದು ಗಿಡ್ಡ.

ಮಾಜಿ ಹವಾಲ್ದಾರ
ಚಾಕುವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ನೋಡಿ. ಲಂಗರು ಉಲ್ಟಾ ಆದರೆ ಮೇಲ್ಮುಖದ ಬಾಣ. ಬ್ರಿಟಿಷ್ ಸರ್ಕಾರ ತನ್ನ ಸ್ವತ್ತಿನ ಮೇಲೆಲ್ಲ ಹಾಕುತ್ತಿದ್ದ ಗುರುತು ಮೂರು ಗೀರಿನ ಬಾಣವೇ. ಬಂದೂಕಿನಿಂದ ಬುತ್ತಿ ಡಬ್ಬಿಯವರೆಗೆ.

ಹಳೆ ಲೋಹ (ವಿಜಯಪುರ)
ಬಾಣಕ್ಕೆ ಬಾಲದಲ್ಲಿ ಉಂಗುರ ಎಲ್ಲಿಂದ ಬಂತು? ಫೋಟೋದಲ್ಲಿ ದುಂಡಗೆ ಕಾಣುತ್ತಿದೆಯಲ್ಲ. ಸರ್ಕಾರದ ಗುರುತನ್ನು ಹೀಗೆ ಸೊಟ್ಟಗೆ ಕೈಯಲ್ಲಿ ಗೀರುತ್ತಿದ್ದರೇ?

ಉದ್ಯಮಬಾಗದ ಲೇತ್
ಆ ದುಂಡಗಿನದು ಉಂಗುರವೇ ಅಲ್ಲ. ಫೋಟೋ ಹಿಗ್ಗಿಸಿ ನೋಡಿದೆ. ಅಲಗು ತಿರುಗುವ ಅಚ್ಚಿನ ರಿವೆಟ್ ತಲೆ, ತಿಕ್ಕಿ ಸಮ ಮಾಡಿದ್ದಾರೆ. ಗೀರಿದವನು ರಿವೆಟ್ಟನ್ನೇ ಉಂಗುರ ಮಾಡಿಕೊಂಡಿದ್ದರೆ ಅದು ಲಂಗರು. ಗೀರು ಅಕಸ್ಮಾತ್ ಅಲ್ಲಿಗೆ ತಲುಪಿದ್ದರೆ ಬಾಣ. ಇದರ ಮೇಲೆ ಇಬ್ಬರೂ ವಾರಗಟ್ಟಲೆ ಜಗಳವಾಡಬಹುದು, ತೀರ್ಪು ಬರುವುದಿಲ್ಲ. ಬೇರೆ ಕಡೆ ನೋಡೋಣ.

ಖಾನಾಪುರ ಅವರೇ, ಮೂರು ಕೆಲಸ ಮಾಡಿ. ಅಲಗಿನ ಬೆನ್ನನ್ನು ಬೆಳಕಿಗೆ ಹಿಡಿದು ಸುತ್ತಿಗೆಯ ಏಟಿನ ಗುರುತಿದೆಯೇ ನೋಡಿ. ಹಡಗಿನವರು ದಪ್ಪ ಹಗ್ಗವನ್ನು ಮರದ ಮೇಲಿಟ್ಟು, ಅಲಗಿನ ಬೆನ್ನಿಗೆ ಕೊಡತಿಯಿಂದ ಬಡಿದು ಕತ್ತರಿಸುತ್ತಿದ್ದರು. ಎರಡನೆಯದು, ಅಲಗು ಕಪ್ಪಾಗಿದೆಯೋ ಬೆಳ್ಳಗಿದೆಯೋ? ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಎರಕ ಹೊಯ್ದದ್ದು 1913ರಲ್ಲಿ, ಆದ್ದರಿಂದ ಅಲಗು ಸ್ಟೇನ್‌ಲೆಸ್ ಆಗಿದ್ದರೆ ಕಾಲಕ್ಕೊಂದು ಗಡಿ ಸಿಗುತ್ತದೆ. ಮೂರನೆಯದು, ಹಿಡಿಕೆಯೊಳಗಿನ ಹಿತ್ತಾಳೆ ಒಳತಗಡುಗಳನ್ನು ಟಾರ್ಚ್ ಬಿಟ್ಟು ನೋಡಿ. ಅರದ ಗೀರು ಅಡ್ಡಾದಿಡ್ಡಿಯಾಗಿದ್ದರೆ ಕೈಕೆಲಸ. ಆದರೆ ಮೊದಲು ಕೊಳೆ ಬಿಡಿಸಬೇಕು.

ಇಳಕಲ್ ಅಂಚು
ಹುಣಸೆಹಣ್ಣು ಹಚ್ಚಿ ತಿಕ್ಕಿ. ನಮ್ಮ ಮನೆಯ ಹಂಡೆ ಕನ್ನಡಿಯಂತೆ ಹೊಳೆಯುತ್ತದೆ.

ಉದ್ಯಮಬಾಗದ ಲೇತ್
ಬೇಡ ಅಕ್ಕಾ, ಬೇಡವೇ ಬೇಡ! ಹುಣಸೆ ಹಿತ್ತಾಳೆಗೆ ಸರಿ, ಉಕ್ಕಿಗೆ ಅದರ ಹುಳಿ ವಿಷ. ಆ ಕಪ್ಪು ಬಣ್ಣವೇ ಉಕ್ಕಿನ ಕವಚ; ಅದನ್ನು ಕಿತ್ತರೆ ಮಳೆಗಾಲದಲ್ಲಿ ಕೆಂಪು ತುಕ್ಕು ಏಳುತ್ತದೆ, ಚಾಕುವಿನ ವಯಸ್ಸೂ ಅಳಿಸಿಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಅಚ್ಚಿನ ಸಂದಿಗೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಡಿ. ಬೆಳಿಗ್ಗೆ ಬಿದಿರಿನ ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಒರೆಸಿ. ಅಗಸೆ ಎಣ್ಣೆಯನ್ನು ಮುಟ್ಟಲೇಬೇಡಿ, ಅದು ಒಣಗಿ ಅಂಟಾಗುತ್ತದೆ. ನೀರಿನಲ್ಲಿ ನೆನೆಸಿದರೆ ಕೊಂಬಿನ ಪಟ್ಟಿ ಪದರು ಬಿಟ್ಟು ಏಳುತ್ತದೆ.

ಗುಮ್ಮಟದ ಪಿಸುಮಾತು
ಕಪ್ಪು ಪಟ್ಟಿ ಕೊಂಬೋ ಪ್ಲಾಸ್ಟಿಕ್ಕೋ ತಿಳಿಯಲು ಸೂಜಿ ಕಾಯಿಸಿ ಚುಚ್ಚಿ ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಕೊಂಬು.

ಹಳೆ ಲೋಹ (ವಿಜಯಪುರ)
ದಯವಿಟ್ಟು ಅದನ್ನು ಮಾಡಬೇಡಿ. ಹಳೆಯ ಕಪ್ಪು ಹಿಡಿಕೆಗಳಲ್ಲಿ ಕೆಲವು ಸೆಲ್ಯುಲಾಯ್ಡ್. ಕಾದ ಸೂಜಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿದರೆ ಸಾಕು, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಕೊಂಬಾದರೆ ಅಂಚಿಗೆ ಟಾರ್ಚ್ ಹಿಡಿದಾಗ ತೆಳುವಾದ ಕಡೆ ಜೇನಿನ ಬಣ್ಣ ಕಾಣುತ್ತದೆ, ಪದರುಗಳೂ ತಿಳಿಯುತ್ತವೆ.

ಜಮಖಂಡಿ ಕಬ್ಬು
ನೀವೆಲ್ಲ ಹಡಗು, ದಂಡು ಎನ್ನುತ್ತಿದ್ದೀರಿ. ಒಬ್ಬರಿಗಾದರೂ ಎತ್ತಿನ ನೆನಪು ಬರಲಿಲ್ಲವೇ? ನಮ್ಮ ಅಜ್ಜ ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಪುಂಡಿಯನ್ನು ಕೊಯ್ದು, ಕಟ್ಟು ಕಟ್ಟಿ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಡೆಯ ಮೇಲೆ ಹೊಸೆದು ಮೂರು ಎಳೆಯ ಹುರಿ ಮಾಡುತ್ತಿದ್ದರು. ಹಗ್ಗದ ತುದಿಯಲ್ಲಿ ಕಣ್ಣಿ ಮಾಡಬೇಕಾದರೆ ಎಳೆ ಬಿಡಿಸಿ ಒಳಗೆ ತೂರಿಸಲೇಬೇಕು, ಅದಕ್ಕೆ ಕಬ್ಬಿಣದ ಮೊನೆ ಬೇಕೇ ಬೇಕು. ಮೂಗುದಾರ ಕೂಡಿಸುವಾಗಲೂ ಅಷ್ಟೇ. ಗಂಟು ಹಾಕಿದರೆ ಎತ್ತಿನ ಮೂಗು ಹುಣ್ಣಾಗುತ್ತದೆ, ಹೆಣೆದರೆ ನುಣುಪಾಗಿರುತ್ತದೆ. ಅಜ್ಜನ ಬಳಿ ಇದ್ದದ್ದು ಮಡಚುವಂಥದಲ್ಲ, ಬಿಡಿ ದಬ್ಬಣ. ದಬ್ಬಣ ಬೇರೆ, ಕುಡುಗೋಲು ಬೇರೆ. ಎರಡನ್ನೂ ಒಂದೇ ಹಿಡಿಕೆಗೆ ಹಾಕಿಕೊಡು ಎಂದು ಕಮ್ಮಾರನಿಗೆ ಹೇಳಿದರೆ ಮಾಡಿಕೊಡುತ್ತಿರಲಿಲ್ಲವೇ? ಹಗ್ಗ ಇರುವಲ್ಲೆಲ್ಲ ಸಮುದ್ರವಿರಬೇಕೆಂದಿಲ್ಲ.

ಮಾಜಿ ಹವಾಲ್ದಾರ
ನಿಮ್ಮ ಮಾತು ಒಪ್ಪಿದೆ. ಆದರೆ ತಾಮ್ರದ ಬಳೆಯ ಚಾಕುವನ್ನು ನಮ್ಮ ಕಮ್ಮಾರ ತಾನಾಗಿಯೇ ಕಲ್ಪಿಸಿಕೊಂಡನೇ? ದಂಡಿನವರ ಕೈಯಲ್ಲಿ ನೋಡಿಯೇ ಮಾಡಿರಬೇಕು.

ಜಮಖಂಡಿ ಕಬ್ಬು
ನೋಡಿ ಮಾಡಿದರೇನು ತಪ್ಪು? ಈಗಿನ ಟ್ರ್ಯಾಕ್ಟರ್ ಟ್ರೇಲರನ್ನೂ ನೋಡಿಯೇ ಮಾಡುತ್ತಾರೆ.

ಕರದಂಟು ಪ್ರಿಯ
ಪುಂಡಿ ಪಲ್ಯ, ಜೋಳದ ರೊಟ್ಟಿ, ಹಸಿ ಈರುಳ್ಳಿ. ಚಾಕುವಿನ ವಿಷಯ ಮರೆತೇಹೋಯಿತು.

ಇಳಕಲ್ ಅಂಚು
ಆ ಪುಂಡಿ ಬೇರೆ, ಹಗ್ಗದ ಪುಂಡಿ ಬೇರೆ ಎಂದು ನಮ್ಮ ಅತ್ತೆ ವಾದಿಸುತ್ತಿದ್ದರು.

ಜಮಖಂಡಿ ಕಬ್ಬು
ಎಳೆಯದಿದ್ದಾಗ ಪಲ್ಯ, ಬಲಿತ ಮೇಲೆ ಹಗ್ಗ. ನಮ್ಮ ಹೊಲದಲ್ಲಿ ಎರಡಕ್ಕೂ ಒಂದೇ ಸಾಲು.

ನಿರ್ವಾಹಕ
ಅಡುಗೆಗೆ ಬೇರೆ ವಿಭಾಗವಿದೆ.

ಹಾಳೆಮಗ್ಗ
ಇದುವರೆಗೆ ಓದುತ್ತ ಕೂತಿದ್ದೆ. ಹೆಸರಿಲ್ಲದ ಚಾಕು ಎಂದರೆ 1890ಕ್ಕಿಂತ ಹಳೆಯದು ಎಂದು ಎಲ್ಲೋ ಓದಿದ ನೆನಪು. ಆಮೇಲಿನವುಗಳ ಮೇಲೆ ದೇಶದ ಹೆಸರು ಕಡ್ಡಾಯವಾಗಿತ್ತಂತೆ?

ಹಳೆ ಲೋಹ (ವಿಜಯಪುರ)
ಅದು ಅಮೆರಿಕದ ಕಾನೂನು. 1890ರ ಮೆಕಿನ್ಲೆ ಸುಂಕ ಕಾಯ್ದೆ, ಅಮೆರಿಕಕ್ಕೆ ಆಮದಾಗುವ ಸರಕಿಗೆ ಮಾತ್ರ. ಮರ್ಮಗೋವಾಕ್ಕೋ ಮುಂಬೈಗೋ ಬಂದ ಚಾಕುವಿಗೆ ಅದು ಅನ್ವಯಿಸುವುದಿಲ್ಲ. ಕೈಯಿಂದ ಮಾಡಿದವನು ಹೆಸರು ಹಾಕದೆ ಬಿಡುವುದು ಯಾವ ಕಾಲದಲ್ಲೂ ಇತ್ತು.

ಖಾನಾಪುರ ರಸ್ತೆ
ಎಣ್ಣೆ ಬಿಟ್ಟು ಒರೆಸಿದೆ. ಕಪ್ಪು ಸಗಣಿಯಂತಹ ಕೊಳೆ ಹೊರಬಂತು. ಈಗ ಒಂದೊಂದಾಗಿ ಹೇಳುತ್ತೇನೆ.

ಅಲಗು ಕಪ್ಪು ಉಕ್ಕು, ಸ್ಟೇನ್‌ಲೆಸ್ ಅಲ್ಲ. ಬೆನ್ನಿನ ನಡುಭಾಗದಲ್ಲಿ ಏಟಿನ ಗುರುತುಗಳಿವೆ, ಅಂಚು ಚಪ್ಪಟೆಯಾಗಿ ಹೊರಗೆ ಚಾಚಿದೆ. ಕಪ್ಪು ಪಟ್ಟಿಯಲ್ಲಿ ಕರ್ಪೂರದ ವಾಸನೆಯಿಲ್ಲ, ಟಾರ್ಚ್ ಹಿಡಿದರೂ ಬೆಳಕು ದಾಟುವುದಿಲ್ಲ. ನುಣುಪು ಪಟ್ಟಿ ಮಾತ್ರ ಅಂಚಿನಲ್ಲಿ ಜೇನುಬಣ್ಣ, ಅಂದರೆ ಕೊಂಬು.

ಇನ್ನು ನಿಜವಾದ ಸುದ್ದಿ. ಕೊಂಬಿನ ಪಟ್ಟಿ ಇರುವ ಬದಿಯ ಹಿತ್ತಾಳೆ ತಗಡಿನ ಒಳಮೈಯಲ್ಲಿ ಚುಕ್ಕಿಗಳಿವೆ! ಮೊದಲು ತುಕ್ಕಿನ ಕಲೆ ಎಂದುಕೊಂಡೆ. ಓರೆಯಾಗಿ ಬೆಳಕು ಬಿಟ್ಟಾಗ ಸಾಲು ಕಂಡಿತು. ಒಂದರ ಪಕ್ಕ ಒಂದು ಮೊಳೆಯಿಂದ ಬಡಿದ ಚುಕ್ಕಿಗಳು, ದುಂಡಗೆ ತಿರುಗಿ ಕೆಳಗಿಳಿದು ತಗಡಿನ ಅಂಚಿನಲ್ಲಿ ಕಡಿದುಹೋಗಿವೆ. ಇನ್ನೊಂದು ಬದಿಯ ತಗಡಿನಲ್ಲಿ ಏನೂ ಇಲ್ಲ. ಹೊಸ ಫೋಟೋ ಹಾಕಿದ್ದೇನೆ.

ಇಳಕಲ್ ಅಂಚು
ಅಯ್ಯೋ, ಇದು ಪಾತ್ರೆಯ ಮೇಲೆ ಹೆಸರು ಹಾಕಿಸುವ ಚುಕ್ಕಿ! ಮದುವೆಯಲ್ಲಿ ಕೊಡುವ ತಂಬಿಗೆ, ಪರಾತ, ಕೊಡ ಎಲ್ಲದರ ಮೇಲೂ ಹೀಗೆಯೇ ಚುಕ್ಕಿ ಬಡಿಸುತ್ತಾರೆ. ಜಾತ್ರೆಯಲ್ಲಿ ಸಣ್ಣ ಉಳಿ ಹಿಡಿದು ಕೂರುವವರು ನಾವು ಹೇಳುತ್ತಿದ್ದಂತೆ ಟಕಟಕ ಬಡಿಯುತ್ತಿದ್ದರು. ನನ್ನ ತವರಿನ ಹಂಡೆಯ ಮೇಲೆ ಅಜ್ಜಿಯ ಹೆಸರು ಈಗಲೂ ಇದೆ, ಅರ್ಧ ಸವೆದಿದೆ. ಯಾವುದೋ ಮನೆಯ ಒಡೆದ ತಂಬಿಗೆಯನ್ನು ಕತ್ತರಿಸಿ ನಿಮ್ಮ ಚಾಕುವಿಗೆ ಹಾಕಿದ್ದಾರೆ.

ಜಮಖಂಡಿ ಕಬ್ಬು
ನಾನು ಹೇಳಲಿಲ್ಲವೇ? ನಮ್ಮ ಕಮ್ಮಾರನ ಕೆಲಸ. ಮುಗಿಯಿತು.

ಗುಮ್ಮಟದ ಪಿಸುಮಾತು
ಅಕ್ಷರ ಕನ್ನಡದ "ರ"ದ ಅರ್ಧದಂತಿದೆ.

ಹಾಳೆಮಗ್ಗ
ಇಲ್ಲ, ದೇವನಾಗರಿಯ "ವ" ಅಥವಾ "ಬ". ಮೇಲಿನ ಗೆರೆ ಕತ್ತರಿಸಿಹೋಗಿದೆ.

ಗುಮ್ಮಟದ ಪಿಸುಮಾತು
ಮೇಲಿನ ಗೆರೆ ಇದ್ದದ್ದನ್ನು ನೀವು ಯಾವಾಗ ಕಂಡಿರಿ?

ನಿರ್ವಾಹಕ
ಬೆಳಗಾವಿಯ ಗಡಿ ವಾದವನ್ನು ಹೆಬ್ಬೆರಳಗಲದ ತಗಡಿನ ಮೇಲೂ ಹೂಡಬೇಕೇ? ಇಲ್ಲಿಗೆ ನಿಲ್ಲಿಸಿ. ಮುಂದಿನದನ್ನು ಅಳಿಸುತ್ತೇನೆ.

ಉದ್ಯಮಬಾಗದ ಲೇತ್
ಜಮಖಂಡಿಯವರೇ, ಅಷ್ಟು ಬೇಗ ಮುಗಿಸಬೇಡಿ. ಎರಡು ಮಗ್ಗುಲೂ ಬೇರೆ ಬೇರೆ ಎಂದು ಮೊದಲೇ ಹೇಳಿದ್ದರು. ಈಗ ಅದಕ್ಕೆ ಅರ್ಥ ಬಂತು. ಒಂದು ಮಗ್ಗುಲಿಗೆ ಚೌಕುಳಿ ಗೀರಿನ ಪಟ್ಟಿ ಮತ್ತು ಖಾಲಿ ತಗಡು. ಇನ್ನೊಂದಕ್ಕೆ ಕೊಂಬಿನ ಪಟ್ಟಿ ಮತ್ತು ತಂಬಿಗೆಯ ತಗಡು. ಒಂದು ಕಡೆ ಮುರಿದುಹೋಗಿ ಯಾರೋ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಮಡಚು ಚಾಕುವನ್ನು ಬಿಚ್ಚುವುದೆಂದರೆ ಅಚ್ಚಿನ ರಿವೆಟ್ಟನ್ನು ಅರದಿಂದ ತಿಕ್ಕಿ ತೆಗೆಯಲೇಬೇಕು. ಮತ್ತೆ ಹೊಸದನ್ನು ತೂರಿಸಿ, ಎರಡೂ ಕಡೆ ಬಡಿದು, ಅಲಗು ಸಡಿಲವೂ ಆಗದೆ ಬಿಗಿಯೂ ಆಗದೆ ಕೂರುವಂತೆ ಮಾಡಬೇಕು. ಒಂದೇಟು ಹೆಚ್ಚಾದರೆ ಅಲಗು ಬಿಚ್ಚುವುದಿಲ್ಲ. ಬೆನ್ನಿನ ಸ್ಪ್ರಿಂಗ್ ಈಗಲೂ ಬಿಗಿಯಾಗಿದೆ ಎಂದರೆ ಆ ಮನುಷ್ಯನ ಕೈ ಎಂಥದ್ದಿರಬೇಕು! ನಮ್ಮಲ್ಲಿ ಅಳತೆಯ ಯಂತ್ರವಿದ್ದೂ ಹುಡುಗರು ಇಷ್ಟು ಚೆನ್ನಾಗಿ ಕೂರಿಸುವುದಿಲ್ಲ.

ಲಂಗರೋ ಬಾಣವೋ ಇರುವುದು ಯಾವ ಮಗ್ಗುಲಿಗೆ?

ಖಾನಾಪುರ ರಸ್ತೆ
ಕೊಂಬಿನ ಮಗ್ಗುಲಿಗೆ.

ಉದ್ಯಮಬಾಗದ ಲೇತ್
ಹಾಗಾದರೆ ಆ ಕಬ್ಬಿಣದ ತುಂಡೂ ರಿಪೇರಿಯಲ್ಲಿ ಹೊಸದಾಗಿ ಹಾಕಿದ್ದಿರಬಹುದು, ಗುರುತನ್ನೂ ಆಗಲೇ ಗೀರಿರಬಹುದು. ಹಳೆಯ ತುಂಡಿನ ಮೇಲೆ ಇದ್ದದ್ದನ್ನು ನೋಡಿ ನಕಲು ಮಾಡಿದನೋ, ಗಿರಾಕಿ ಹೇಳಿದ್ದನ್ನು ಗೀರಿದನೋ.

ಮಾಜಿ ಹವಾಲ್ದಾರ
ಹಾಗಾದರೆ ಚೌಕುಳಿ ಮಗ್ಗುಲು ಮೂಲದ್ದು, ಅದು ದಂಡಿನ ಮಾದರಿ. ನನ್ನ ಮಾತು ನಿಂತಿತು.

ಹಳೆ ಲೋಹ (ವಿಜಯಪುರ)
ನೌಕಾಪಡೆಗೂ ಅದೇ ಚೌಕುಳಿ ಹಿಡಿಕೆ ಇತ್ತು ಸ್ವಾಮೀ. ಬೆನ್ನಿಗೆ ಬಿದ್ದ ಏಟುಗಳನ್ನು ಮರೆತಿರಾ? ಡೇರೆಯ ಹಗ್ಗಕ್ಕೆ ಸುತ್ತಿಗೆ ಬೇಕಾಗುವುದಿಲ್ಲ.

ಜಮಖಂಡಿ ಕಬ್ಬು
ಸೌದೆ ಸೀಳಲು, ತೆಂಗಿನ ಚಿಪ್ಪು ಒಡೆಯಲು ಅಲಗಿನ ಬೆನ್ನಿಗೆ ಬಡಿಯುವವರು ನಮ್ಮ ಮನೆಯಲ್ಲೇ ಇದ್ದಾರೆ. ಅದಕ್ಕೂ ಹಡಗು ಬೇಕೇ?

ವಕೀಲರ ಗುಮಾಸ್ತ
ಒಂದು ಮಾತು. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ತೊಂದರೆಯಿಲ್ಲ. ಶಸ್ತ್ರಾಸ್ತ್ರ ನಿಯಮಗಳು ಹಿಡಿಯುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಆದರೆ ಹೊರದೇಶದವರಿಗೆ ಮಾರುವ ಯೋಚನೆ ಬೇಡ. ನೂರು ವರ್ಷ ದಾಟಿದ ಕೈಕೆಲಸದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಇಟ್ಟುಕೊಂಡು ಹೋದರಂತೂ ತಪಾಸಣೆಯಲ್ಲೇ ಕಿತ್ತುಕೊಳ್ಳುತ್ತಾರೆ.

ಕರದಂಟು ಪ್ರಿಯ
ನೂರು ದಾಟಿದೆ ಎಂದು ಸಾಬೀತು ಮಾಡುವವರು ಯಾರು? ಇಲ್ಲಿ ಇಷ್ಟು ಜನ ಸೇರಿ ಒಂದು ಗೀರನ್ನು ಓದಲಾಗಲಿಲ್ಲ.

ಖಾನಾಪುರ ರಸ್ತೆ
ಎಲ್ಲರಿಗೂ ಧನ್ಯವಾದ. ಅತ್ತೆಗೆ ಚುಕ್ಕಿಯ ಫೋಟೋ ತೋರಿಸಿದೆ. ಮುತ್ತಜ್ಜನ ತಮ್ಮ ಊರಿನಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಂತೆ, ಒಡೆದ ಪಾತ್ರೆಯ ತುಂಡು ಮನೆ ತುಂಬ ಇರುತ್ತಿತ್ತಂತೆ. ಇಷ್ಟು ದಿನ ಈ ವಿಷಯವನ್ನು ಯಾರೂ ಹೇಳಿರಲಿಲ್ಲ. ರಿಪೇರಿ ಅವರದೇ ಇರಬೇಕು ಎಂದು ನನಗೆ ಅನ್ನಿಸುತ್ತಿದೆ. ಹಡಗಿನದೋ ದಂಡಿನದೋ ಅದನ್ನು ನೀವು ಜಗಳವಾಡಿ ತೀರ್ಮಾನಿಸಿ. ಬಾಯಿ ಮೊಂಡಾಗಿದೆ, ಸಾಣೆ ಹಿಡಿಸಬಹುದೇ?

ಉದ್ಯಮಬಾಗದ ಲೇತ್
ಬೀದಿಯಲ್ಲಿ ಸೈಕಲ್ ಮೇಲೆ ಬರುವ ಸಾಣೆಯವರಿಗೆ ಕೊಡಬೇಡಿ. ಒಣ ಚಕ್ರಕ್ಕೆ ಅಲಗು ಕಾದು ನೀಲಿಯಾದರೆ ಉಕ್ಕಿನ ಹದ ಹೋಯಿತು. ನೀರು ಹಾಕಿ ಸಾಣೆಕಲ್ಲಿನ ಮೇಲೆ ಕೈಯಿಂದಲೇ ಮಸೆಯಿರಿ, ಅದೂ ಬಾಯಿಯನ್ನು ಮಾತ್ರ.

ಕಾಕತಿ ಕಡೆಯವ
ನಮ್ಮ ಮನೆಯಲ್ಲೂ ನವಿಲಿನ ಆಕಾರದ ಹಿತ್ತಾಳೆ ಅಡಕತ್ತರಿ ಇದೆ, ಅದರ ಒಂದು ಕಾಲು ಬೇರೆ ಬಣ್ಣ. ಫೋಟೋ ಇಲ್ಲೇ ಹಾಕಲೇ?

ನಿರ್ವಾಹಕ
ಬೇಡ, ಹೊಸ ಚರ್ಚೆ ತೆರೆಯಿರಿ. ಮೂಲಪುರುಷ ಆದಿಲ್‌ಶಾಹನೇ ಎಂದು ಯಾರೂ ಬರೆಯಬಾರದು.